ಸಮಾನತೆಯ ಅರ್ಧ ತಾಸು

ಕುಷ್ಟಗಿ ತಾಲೂಕಿನ ಸದರಿ ಗ್ರಾಮದಲ್ಲಿ ಸಮಾನತೆಯು ಪ್ರತಿ ವರ್ಷ ಡಿಸೆಂಬರ್ ಹತ್ತರಂದು ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದರವರೆಗೆ ಇರುತ್ತದೆ. ಗ್ರಾಮಕ್ಕೆ ಬೇರೆ ಹೆಸರಿದೆ. ಆದರೆ ಎಲ್ಲ ಆದೇಶಗಳಲ್ಲೂ 'ಸದರಿ' ಎಂದೇ ಬಂದು ಬಂದು, ಈಗ ಬಸ್ಸಿನ ಕಂಡಕ್ಟರೂ ಹಾಗೇ ಕೂಗುತ್ತಾನೆ.

ಈ ಸೌಲಭ್ಯ ದೊರೆತದ್ದು ಕೆಳಕೇರಿಯ ಹೋರಾಟಗಾರ ಗೋಣೆಪ್ಪನವರಿಂದ. ಕೊಪ್ಪಳ ಜಿಲ್ಲೆಯಾದ 1997ರಲ್ಲಿ ಅವರು ಚಹಾದಂಗಡಿಯ ಹೊರಗೆ ಕೆಳಕೇರಿಯವರಿಗೆಂದು ಇಟ್ಟಿದ್ದ ಬೇರೆ ಲೋಟಗಳನ್ನು ಒಳಗಿಡಿಸಿದರು. ಮರಳಿ ಎಂಬ ಊರಿನ ಗದ್ದೆಗಳಲ್ಲಿ ನಾಟಿ ಮಾಡುವ ಹೆಣ್ಣಾಳುಗಳಿಗೂ ಗಂಡಾಳಿನ ಕೂಲಿ ಕೊಡಿ ಎಂದು ಕೇಳಿ ಜೈಲು ಕಂಡು ಬಂದರು. ಆಮೇಲೆ ಒಂದು ಬೆಳಿಗ್ಗೆ ಊರ ಕ್ಷೌರದಂಗಡಿಗೆ ಹೋಗಿ ಕುರ್ಚಿಯ ಮೇಲೆ ಕುಳಿತರು. ಕೆಳಕೇರಿಯವರು ಕ್ಷೌರಕ್ಕೆ ಬಸ್ಸು ಹತ್ತಿ ಕುಷ್ಟಗಿಗೆ ಹೋಗುವುದು ಅಲ್ಲಿಯ ಪದ್ಧತಿ.

"ನಂದೇನೂ ಇಲ್ಲ ಗೋಣೆಪ್ಪಣ್ಣ," ಎಂದ ಅಂಗಡಿಯ ಕೊಟ್ರೇಶ. "ನಿನ್ನ ತಲಿ ಮುಟ್ಟಿದ್ರ ಊರ ಹಿರೇರು ಅಂಗಡಿ ಮುಚ್ಚಸ್ತಾರ."

"ಮುಟ್ಟಲಿಲ್ಲಂದ್ರ ನಾ ಮುಚ್ಚಸ್ತೀನಿ."

ಅಂಗಡಿ ಮುಚ್ಚದಂತೆ ಸೌಹಾರ್ದ ಕೋಶವೆಂಬ ಕಚೇರಿಯು ದಾರಿಯೊಂದನ್ನು ಕಂಡುಹಿಡಿಯಿತು. ಮಾನವ ಹಕ್ಕುಗಳ ದಿನದಂದು ಅಧಿಕಾರಿಗಳು, ಪೊಲೀಸರು ಹಾಗೂ ಫೋಟೊದವರ ಸಮಕ್ಷಮ ಅರ್ಧ ತಾಸು ಗೋಣೆಪ್ಪನವರಿಗೆ ಕ್ಷೌರ. ಉಳಿದ ದಿನಗಳಲ್ಲಿ ಶಾಂತಿ. ಊರ ಹಿರಿಯರು ಮನಸಾರೆ ಚಪ್ಪಾಳೆ ತಟ್ಟಿದರು. ನಿಯಮವೂ ಬಂತು: "ಫಲಾನುಭವಿಯು ಶ್ರಾವಣದ ನಂತರ ತನ್ನ ಕೂದಲನ್ನು ಅನ್ಯತ್ರ ಕತ್ತರಿಸತಕ್ಕದ್ದಲ್ಲ. ಕತ್ತರಿಸಿದಲ್ಲಿ ಸಮಾನತೆಯ ಗುರಿಸಾಧನೆಗೆ ಧಕ್ಕೆಯಾಗುವುದು."

"ಸರಕಾರದ ಬೆಳಿ ಐತಿ ತಲಿ ಮ್ಯಾಲೆ," ಎನ್ನುತ್ತಿದ್ದಳು ಅವರ ಹೆಂಡತಿ ಮುದುಕಮ್ಮ. "ಹೇನು ಹೆಕ್ಕಾಕೂ ಅಪ್ಪಣಿ ತರಬೇಕೇನ?"

ಹೀಗೆ ವರ್ಷಾನುವರ್ಷ ಸಮಾನತೆ ಸುಗಮವಾಗಿ ಜರುಗುತ್ತಿರಲು, ಗೋಣೆಪ್ಪನವರ ತಲೆ ಬೋಳಾಯಿತು. ಕೋಶದ ಅಧಿಕಾರಿ ವಾಣಿಶ್ರೀ ಮೇಡಂ ಸ್ಥಳ ಪರಿಶೀಲನೆ ನಡೆಸಿ, 'ಕತ್ತರಿಸಲು ಏನೂ ಉಳಿದಿಲ್ಲ, ಆದ್ದರಿಂದ ತಾರತಮ್ಯವೂ ಉಳಿದಿಲ್ಲ' ಎಂದು ಷರಾ ಬರೆಯಲು ಹೊರಟರು.

"ತಡೀರಿ ಮೇಡಂ," ಎಂದರು ಗೋಣೆಪ್ಪ. "ನನ್ನ ತಂಗಿ ಮಗ ಗಾಳೇಶನ ತಲಿ ಐತಿ."

ಗಾಳೇಶನಿಗೆ ಅಗತ್ಯವೂ ಇತ್ತು. ತಳಕಲ್ಲಿನ ಮಾಳವ್ವನೊಂದಿಗೆ ಅವನ ಮದುವೆ ಗೊತ್ತಾಗಿತ್ತು. ಅವಳದು ಒಂದೇ ಷರತ್ತು: "ಮದಿವಿ ಗಂಡು ತನ್ನ ಊರಿನ ಕುರ್ಚಿ ಮ್ಯಾಲೆ ಕುಂತು ಕ್ಷೌರಾ ಮಾಡಿಸ್ಕೊಂಡು ಬರಬೇಕು. ಕದ್ದು ಕುಷ್ಟಗಿ ಬಸ್ಸು ಹತ್ತಾವ ನನಗ ಬ್ಯಾಡ."

ಮದುವೆ ವೈಶಾಖದಲ್ಲಿತ್ತು. ವೈಶಾಖದಲ್ಲಿ ಸಮಾನತೆ ಒದಗಿಸಲು ಅವಕಾಶವಿಲ್ಲವೆಂದು ಮೇಡಂ ವಿಷಾದಿಸಿದರು. "ಮದುವೆನೇ ಡಿಸೆಂಬರ್ ಹತ್ತಕ್ಕೆ ಇಟ್ಕೊಳ್ಳಿ ಗೋಣೆಪ್ಪನವರೇ. ಫೋಟೊ ಕೂಡ ಚೆನ್ನಾಗಿ ಬರುತ್ತೆ."

ಮದುವೆ ಮುಂದೆ ಹೋಯಿತು. ಗಾಳೇಶ ಕೂದಲು ಬಿಟ್ಟ. ಬೀಗರ ಕಡೆಯವರು ಹುಡುಗ ಯಾವುದೋ ಹರಕೆ ಹೊತ್ತಿದ್ದಾನೆಂದು ತಿಳಿದು ದೂರದಿಂದಲೇ ಕೈಮುಗಿಯತೊಡಗಿದರು.

ಡಿಸೆಂಬರ್ ಹತ್ತು ಬಂತು. ಆ ದಿನ ಮೇಡಂ ಜೀಪು ತಡವಾಗಿ ಬಂತು. ಸಮಾನತೆಯಲ್ಲಿ ವಿಳಂಬ ಸಲ್ಲದು ಎಂಬ ವಿಷಯದ ಮೇಲೆ ಅವರು ಸವಿಸ್ತಾರವಾಗಿ ಮಾತನಾಡಿದರು. ಕೊಟ್ರೇಶ ಕತ್ತರಿ ಹಿಡಿದು ಬಲಗಡೆ ಮುಗಿಸುವ ಹೊತ್ತಿಗೆ ಹನ್ನೊಂದಾಯಿತು. ಪೊಲೀಸರು ಎದ್ದರು. ಕೊಟ್ರೇಶ ಗಾಳೇಶನ ಕೊರಳ ಬಟ್ಟೆ ಬಿಚ್ಚಿ ಕೊಡವಿದ.

"ಎಡಗಡಿ ಉಳೀತಲ್ಲೋ," ಎಂದರು ಗೋಣೆಪ್ಪ.

"ಟೈಮ್ ಆತಣ್ಣ. ಹಿರೇರು ಬಾಗಲದಾಗ ನಿಂತಾರ, ಕೈಗಡಿಯಾರ ನೋಡಾಕತ್ತಾರ."

ಮೇಡಂ ಶೇಕಡಾ ಐವತ್ತರಷ್ಟು ಪ್ರಗತಿ ಸಾಧಿಸಲಾಗಿದೆಯೆಂದು ಘೋಷಿಸಿ, ಫೋಟೊದವನಿಗೆ ಬಲಗಡೆಗೆ ಬಂದು ನಿಲ್ಲಲು ಹೇಳಿದರು. ಗೋಣೆಪ್ಪ ಅಳಿಯನ ತಲೆಯನ್ನು ಎರಡೂ ಕಡೆಯಿಂದ ನೋಡಿ, ತಮ್ಮ ರುಮಾಲನ್ನೇ ಬಿಚ್ಚಿ ಸುತ್ತಿದರು.

ಮಂಟಪದಲ್ಲಿ ಮಾಳವ್ವ ಆ ರುಮಾಲನ್ನು ಮೆಲ್ಲಗೆ ಎತ್ತಿದಳು. ಬಲಗಡೆ ನೋಡಿದಳು, ಎಡಗಡೆ ನೋಡಿದಳು, ಮತ್ತೆ ಇಳಿಸಿದಳು.

"ಮೇಡಂ ಏನಂದ್ರು?"

"ಉಳಿದದ್ದು ಬರೋ ವರ್ಷ ಅಂದಾರ," ಎಂದ ಗಾಳೇಶ.

"ತಾಳಿಗೆ ಮೂರು ಗಂಟಲ್ಲ? ಒಂದೂವರಿ ಹಾಕು. ಉಳಿದ ಒಂದೂವರಿ ಬರೋ ವರ್ಷ. ಅಲ್ಲಿತನಕ ನಾ ತಳಕಲ್ಲಿನಾಗ ಇರ್ತೀನಿ."

"ಹುಡುಗಿ ಲೆಕ್ಕ ಛಲೋ ಐತಿ," ಎಂದಳು ಮುದುಕಮ್ಮ.

ಊರ ಹಿರಿಯರೂ ಒಪ್ಪಿದರು. ಪದ್ಧತಿಗೆ ಎಲ್ಲಿಯೂ ಭಂಗ ಬಂದಿರಲಿಲ್ಲ. ಆದರೆ ಒಂದರ ಮೇಲಿನ ಅರ್ಧ ಗಂಟನ್ನು ಹಾಕುವ ಕ್ರಮ ಪೂಜಾರಿಗೆ ತಿಳಿಯದ ಕಾರಣ, ಫೋಟೊಕ್ಕೆಂದು ಮಂಟಪಕ್ಕೂ ಬಂದಿದ್ದ ಮೇಡಂ ಮೇಲಿನ ಕಚೇರಿಗೆ ಫೋನು ಹಚ್ಚಿ ಸ್ಪಷ್ಟೀಕರಣ ಕೋರಿದರು. ಉತ್ತರ ಬರುವವರೆಗೆ ಗಾಳೇಶ ದಾರದ ಎರಡೂ ತುದಿ ಹಿಡಿದು ನಿಂತಿರತಕ್ಕದ್ದೆಂದೂ, ಬಂದವರು ಊಟಕ್ಕೆ ಕೂಡಬಹುದೆಂದೂ ತಿಳಿಸಲಾಯಿತು.