ಖಾಲಿ ಇರುವ ಅಜ್ಜ ಬೇಕಾಗಿದ್ದಾರೆ

ಎಲ್ಲದಕ್ಕೂ ಕಾರಣ ಒಂದು ಕಾಲುಚೀಲ. ಅದರ ಜೋಡಿಯನ್ನು ಮಂಚದ ಕೆಳಗೆ ಹುಡುಕುತ್ತ ಅಲ್ಲೇ ತೂಕಡಿಸಿಬಿಟ್ಟ ನಿಧಾನಪ್ಪ ವೃದ್ಧಾಶ್ರಮ ಮುಟ್ಟುವ ಹೊತ್ತಿಗೆ ಅಲ್ಲಿದ್ದ ಅಜ್ಜ ಅಜ್ಜಿಯರೆಲ್ಲ ಮುಗಿದುಹೋಗಿದ್ದರು. ತೀರಿಹೋಗಿದ್ದರು ಅಂತಲ್ಲ, ಹಂಚಿಹೋಗಿದ್ದರು.

ನಿಧಾನಪ್ಪ ಎಂಬುದು ಗೆಳೆಯರು ಇಟ್ಟ ಹೆಸರು. ಅವನ ಕಾಲೇಜಿನಲ್ಲಿ ಸೇವೆಯೂ ಒಂದು ಪಾಠ. ಯಾರಿಗಾದರೂ ಉಪಕಾರ ಮಾಡಿ ತೋರಿಸದವರನ್ನು ಕೊನೆಯ ವರ್ಷದ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಅದಕ್ಕೆ ಇವತ್ತೇ ಕಡೆಯ ದಿನ. ಊರಿನ ಉಳಿದ ಕಾಲೇಜುಗಳಿಗೂ ಇವತ್ತೇ ಕಡೆಯ ದಿನ.

"ಒಬ್ಬರಾದ್ರೂ ಖಾಲಿ ಇಲ್ವಾ ಮೇಡಂ?" ಎಂದು ವಾರ್ಡನಮ್ಮನನ್ನು ಅಂಗಲಾಚಿದ.

"ಬೇಗ ಬರೋಕೇನಾಗಿತ್ತು ನಿನಗೆ? ಒಬ್ಬೊಬ್ಬ ಅಜ್ಜನಿಗೂ ಮೂವರನ್ನ ಬಿಟ್ಟಿದೀನಿ. ಮೂಲೆ ರೂಮಿನ ಅಜ್ಜ ಮಾತ್ರ ಎಲ್ಲೋ ಮಾಯ ಆಗಿದಾರೆ. ಸಿಕ್ಕರೆ ನೀನೇ ಇಟ್ಕೋ."

ಆಶ್ರಮದ ಹಾಲ್‌ನಲ್ಲಿ ಸೇವೆ ಯುದ್ಧದಂತೆ ನಡೆದಿತ್ತು. ಒಬ್ಬ ಅಜ್ಜಿಯ ತಲೆಯನ್ನು ಇಬ್ಬರು ಹುಡುಗಿಯರು ಎರಡು ಕಡೆಯಿಂದ ಹಗ್ಗಜಗ್ಗಾಟದ ಹಾಗೆ ಬಾಚುತ್ತಿದ್ದರು. ಒಬ್ಬ ತಾತನ ಬಲಗಿವಿಗೆ ಒಬ್ಬ ಪತ್ರಿಕೆ ಓದುತ್ತಿದ್ದರೆ, ಎಡಗಿವಿಗೆ ಇನ್ನೊಬ್ಬ ಅದೇ ಪತ್ರಿಕೆಯ ಕ್ರೀಡಾಪುಟ ಒದರುತ್ತಿದ್ದ. ಉಗುರು ಕತ್ತರಿಸುವ ತಂಡ ಉಗುರು ಸಾಲದೆ ಅಡುಗೆಯವನ ಕೈ ಹಿಡಿದುಕೊಂಡು ಕೂತಿತ್ತು.

ನಿಧಾನಪ್ಪ ಉಗ್ರಾಣದ ಬಾಗಿಲು ತೆರೆದ. ಹಾಸಿಗೆ ರಾಶಿಯ ಹಿಂದಿನಿಂದ ಬೋಳುತಲೆಯೊಂದು ಇಣುಕಿತು.

"ಬಾಗಿಲು ಹಾಕಪ್ಪ, ನಿನ್ನ ದಮ್ಮಯ್ಯ!"

"ಅಜ್ಜಾ, ನಿಮಗೇನಾದ್ರೂ ಸೇವೆ..."

"ಸೇವೆ ಅಂದ್ರೆ ಕೂಗ್ಕೋತೀನಿ ನೋಡು! ನಿನ್ನೆ ಒಬ್ಬರಾದ ಮೇಲೊಬ್ಬರು ನನ್ನ ವಾಕಿಂಗ್ ಕರ್ಕೊಂಡು ಹೋದ್ರು. ಪೋಸ್ಟ್‌ಮನ್ ಆಗಿದ್ದಾಗ್ಲೂ ನಾನು ಅಷ್ಟು ನಡೆದಿರ್ಲಿಲ್ಲ. ಹೋಗ್ತಾ ಕಾಲಲ್ಲಿ ಹೋದೆ, ಬರ್ತಾ ಗಾಲಿಕುರ್ಚಿಲಿ ಬಂದೆ!"

"ನನ್ನ ಪರೀಕ್ಷೆ ಹೋಗುತ್ತೆ ಅಜ್ಜಾ," ನಿಧಾನಪ್ಪ ಅಳುವುದೊಂದು ಬಾಕಿ.

ಅಜ್ಜನ ಕರುಳು ಚುರ್ ಎಂದಿತು. "ಹೀಗ್ಮಾಡು. ನನ್ನ ಮಂಕಿ ಟೋಪಿ ಹಾಕ್ಕೊಂಡು, ಕಂಬಳಿ ಹೊದ್ದು ಹೊರಗೆ ನನ್ನ ಕುರ್ಚಿಲಿ ಕೂತಿರು. ನಾನೊಂದು ನಿದ್ದೆ ತೆಗೀತೀನಿ. ನಿಮ್ಮ ಮೇಷ್ಟ್ರಿಗೆ ನಾನೇ ಹೇಳ್ತೀನಿ, ಬಿಡು."

ಹೀಗೆ ಅಜ್ಜ ಅವನಿಗೆ ಟೋಪಿ ಹಾಕಿದರು.

ಕೂತು ಉಸಿರೆಳೆಯುವಷ್ಟರಲ್ಲಿ "ಸಿಕ್ಕಿದ್ರು, ಸಿಕ್ಕಿದ್ರು!" ಎಂಬ ಕೂಗೆದ್ದಿತು. ಕೊನೆಯ ಬಸ್ಸಿಗೆ ಬಿದ್ದಂತೆ ಜನ ಮುಗಿಬಿದ್ದರು. ಒಬ್ಬಳು ಬಾಯಿಗೆ ಗಂಜಿ ತುರುಕಿದಳು. ಬೇಡ ಎನ್ನಲು ಬಾಯಿ ತೆರೆದರೆ ಇನ್ನೊಂದು ಚಮಚ. ಒಬ್ಬ ಅವನ ಕಾಲನ್ನು ಕಿವಿಯವರೆಗೆ ಎತ್ತಿ ವ್ಯಾಯಾಮ ಮಾಡಿಸಿದ. ರೇಜರ್ ಹಿಡಿದವನು ಟೋಪಿ ತುಸು ಸರಿಸಿದ.

"ಅಯ್ಯೋ, ಅಜ್ಜನ ಗಡ್ಡ ಎಷ್ಟು ಕಪ್ಪಗಿದೆ!"

"ಮತ್ತೆ? ನಿನ್ನೆ ನಾನು ಮಸಾಜ್ ಮಾಡಿದ್ದು ಸುಮ್ನೇನಾ?"

ನಿಧಾನಪ್ಪ ಮುದ್ದಿನಿಂದ ಬೆಳೆಸಿದ್ದ ಗಡ್ಡ ಅರ್ಧ ಹೋಯಿತು. ಉಳಿದರ್ಧಕ್ಕೆ ಇನ್ನೊಂದು ಕಾಲೇಜಿನವರು ಪಾಲು ಕೇಳಿದರು. ಪರೀಕ್ಷೆಯನ್ನು ನೆನೆದು ಹಲ್ಲು ಕಚ್ಚಿ ಸಹಿಸಿದ. ಹಲ್ಲು ಕಚ್ಚಿದ್ದೇ ತಪ್ಪಾಯಿತು.

"ಹಲ್ಲಿನ ಸೆಟ್ ತೊಳೀಬೇಕು ತಾತ, ಬಿಡಿ" ಎಂದು ಒಬ್ಬ ಮುಂದಿನ ಹಲ್ಲು ಹಿಡಿದು ಜಗ್ಗಿದ.

"ಅಮ್ಮಾ!" ನಿಧಾನಪ್ಪ ಚೀರಿ ಎದ್ದು ಓಟ ಕಿತ್ತ.

"ನೋಡ್ರೋ, ಅಜ್ಜ ಓಡ್ತಿದಾರೆ! ನನ್ನ ವ್ಯಾಯಾಮ!" ಎಂದು ಕಾಲೆತ್ತಿಸಿದವನು ಆನಂದಬಾಷ್ಪ ಸುರಿಸಿದ.

ಓಡಿದವನು ಹೋಗಿ ಗುದ್ದಿದ್ದು ಸೇವೆಗೆ ಅಂಕ ಹಾಕಲು ಆಗತಾನೆ ಒಳಗೆ ಬಂದ ಮೇಷ್ಟ್ರಿಗೆ. ಟೋಪಿ ಕೆಳಗೆ ಬಿತ್ತು.

"ಏನಯ್ಯಾ ಇದು ವೇಷ? ಸೇವೆ ಮಾಡು ಅಂದ್ರೆ ಮಾಡಿಸ್ಕೋತಿದೀಯಾ?"

"ಇಲ್ಲ ಸಾರ್, ಮಾಡಿದೀನಿ! ಬೇಕಾದ್ರೆ ಅಜ್ಜನ್ನೇ ಕೇಳಿ!"

ಗಲಾಟೆಗೆ ಎಚ್ಚರಾಗಿ ಅಜ್ಜ ಉಗ್ರಾಣದಿಂದ ಹೊರಬಂದರು. ನಿದ್ದೆ ಮಾಡಿ ಮುಖಕ್ಕೆ ಕಳೆ ಬಂದಿತ್ತು. ಕೊಟ್ಟ ಮಾತಿಗೆ ತಪ್ಪದೆ ಹುಡುಗನ ಹೆಗಲ ಮೇಲೆ ಕೈಯಿಟ್ಟರು.

"ಮೇಷ್ಟ್ರೇ, ಇಲ್ಲಿಗೆ ಎಷ್ಟೋ ಮಕ್ಕಳು ಬಂದು ಹೋದ್ರು. ಇಂಥ ಚಿನ್ನದಂಥ ಹುಡುಗನ್ನ ನಾನು ನೋಡಿಲ್ಲ. ನನಗೆ ಏನಂದ್ರೆ ಏನೂ ಮಾಡಲಿಲ್ಲ!"

ಮೇಷ್ಟ್ರ ಹುಬ್ಬು ಗಂಟಾಯಿತು. "ಏನೂ?"

"ಒಂದು ಕಡ್ಡಿ ಅಲ್ಲಾಡಿಸಿದ್ರೆ ಕೇಳಿ!" ಅಜ್ಜ ಎದೆಯುಬ್ಬಿಸಿ ಹೇಳಿದರು.

ಮೇಷ್ಟ್ರು ನಿಂತ ನಿಲುವಿನಲ್ಲೇ ಸೊನ್ನೆ ಹಾಕಿದರು. "ಈ ವರ್ಷ ಪರೀಕ್ಷೆ ಮರೆತುಬಿಡು. ಇನ್ಮೇಲೆ ಪ್ರತಿ ಭಾನುವಾರ ಇಲ್ಲಿಗೇ ಬರಬೇಕು."

ನಿಧಾನಪ್ಪ ಅರ್ಧಗಡ್ಡ ಸವರಿಕೊಳ್ಳುತ್ತ ನಿಂತಿದ್ದಾಗ ಹಿಂದಿನಿಂದ ಯಾರೋ ಅಂಗಿ ಜಗ್ಗಿದರು. ತಿರುಗಿದರೆ ಆಶ್ರಮದ ಅಜ್ಜ ಅಜ್ಜಿಯರೆಲ್ಲ ಸಾಲಾಗಿ ನಿಂತಿದ್ದಾರೆ.

"ಮಗಾ, ಮುಂದಿನ ಭಾನುವಾರ ನನ್ನ ಜಾಗದಲ್ಲಿ ಕೂತ್ಕೋ. ಮೊದಲು ಕೇಳಿದ್ದು ನಾನು" ಎಂದರು ಮುಂದಿದ್ದ ಅಜ್ಜಿ, ತಮ್ಮ ಹೂಹೂವಿನ ನೈಟಿಯನ್ನು ಅವನ ಎದೆಗೆ ಹಿಡಿದು ಅಳತೆ ನೋಡುತ್ತ.