ಸುಲಿದ ಸ್ಪ್ರಿಂಗ್ ರೋಲ್

"ಈ ಊರಲ್ಲಿ ಒಳ್ಳೆ ವಿಯೆಟ್ನಾಮಿ ಸ್ಪ್ರಿಂಗ್ ರೋಲ್ ಹುಡುಕೋ ಕೆಲಸ ನನಗೆ ಬಿಡು! ನನ್ನ ಕಣ್ಣಿಗೆ ಮಣ್ಣೆರಚೋಕೆ ಯಾವ ಹೋಟೆಲಿನವನಿಂದಲೂ ಆಗಲ್ಲ!" ಎಂದು ಎದೆಯುಬ್ಬಿಸಿದ ತಪ್ಪಣ್ಣ.

ಪ್ಲಾಸ್ಟಿಕ್ ಹಾಳೆ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕನಾಗಿ, ಕಂಡಕಂಡದ್ದರಲ್ಲೆಲ್ಲ ತಪ್ಪು ಹುಡುಕಿ ಸಂಪಾದಿಸಿದ ಬಿರುದು ಈ 'ತಪ್ಪಣ್ಣ'. ಹೆಂಡತಿಗೋ ಭಾನುವಾರದ್ದೇ ಚಿಂತೆ. ಅಂದು ಅವಳ ಮೇಲಧಿಕಾರಿ ಊಟಕ್ಕೆ ಬರುವವರಿದ್ದರು. ಗ್ರಾಹಕರ ದೂರು ವಿಭಾಗದ ಮುಖ್ಯಸ್ಥೆಯ ಕುರ್ಚಿ ಇವಳಿಗೋ, ಎದುರು ಮೇಜಿನವಳಿಗೋ ಎಂಬುದು ಆ ಮೇಡಂ ಕೈಯಲ್ಲಿತ್ತು. ಎರಡು ವರ್ಷ ವಿಯೆಟ್ನಾಮಿನಲ್ಲಿದ್ದು ಬಂದ ಅವರಿಗೆ ಸ್ಪ್ರಿಂಗ್ ರೋಲ್ ಅಂದರೆ ಪ್ರಾಣ.

"ಕರಿದದ್ದು ಬೇಡ ರೀ. ಎಣ್ಣೆಗೆ ಹಾಕದೆ ಹಾಗೇ ಸುತ್ತಿರೋದು!"

"ಗೊತ್ತು ಕಣೇ!"

ಮೊದಲ ಹೋಟೆಲಿನಲ್ಲಿ ರೋಲ್ ಬಂತು. ಮೈಮೇಲೆ ಮಿರಮಿರ ಮಿಂಚುವ ಪಾರದರ್ಶಕ ಹೊದಿಕೆ. ತಪ್ಪಣ್ಣ ಅದನ್ನು ಬೆಳಕಿಗೆ ಹಿಡಿದು, ಬೆರಳಿನಲ್ಲಿ ಎಳೆದು ನೋಡಿದ.

"ಏನ್ರೀ ಇದು! ಪ್ಲಾಸ್ಟಿಕ್ ಸಮೇತ ತಂದಿಟ್ಟಿದ್ದೀರಲ್ಲ!"

"ಸಾರ್, ಅದು..."

"ನನಗೇ ಹೇಳಿಕೊಡ್ತೀರಾ? ಇಪ್ಪತ್ತು ವರ್ಷದಿಂದ ಇದೇ ಕೆಲಸ ನಂದು!"

ಹೊದಿಕೆ ಸುಲಿದು, ಒಳಗಿನ ಸೊಪ್ಪು ಶಾವಿಗೆ ತಿಂದು, ದೂರು ಪುಸ್ತಕದಲ್ಲಿ ಒಂದು ಪುಟ ಗೀಚಿ ಎದ್ದ. ಎರಡನೆಯ ಹೋಟೆಲಿನಲ್ಲೂ ಅದೇ ಕಥೆ. ಮೂರನೆಯದರಲ್ಲೂ! ಊರಿನ ಅಡುಗೆಯವರಿಗೆಲ್ಲ ಒಟ್ಟಿಗೇ ಬುದ್ಧಿ ಕೆಟ್ಟಿದೆಯೆಂದು ಅವನಿಗೆ ಖಾತ್ರಿಯಾಯಿತು. ಆದರೂ ಮೂರನೆಯವರ ಸೀಗಡಿ, ಪುದೀನ ಭೇಷಾಗಿದ್ದವು. ದೂರು ಬರೆದ ಕೈಯಲ್ಲೇ ಮೂವತ್ತು ರೋಲಿಗೆ ಹೇಳಿಬಂದ.

ಭಾನುವಾರ ಹೆಂಡತಿ ತಲೆ ಬಾಚಿಕೊಳ್ಳುತ್ತಿದ್ದಾಗ ತಪ್ಪಣ್ಣ ಹೋಟೆಲಿನಿಂದ ತಂದ ರೋಲುಗಳೊಂದಿಗೆ ಅಡುಗೆಮನೆ ಸೇರಿದ. ಕರೆಗಂಟೆ ಮೊಳಗಿತು. ಮೇಡಂ ಅವರನ್ನು ಕೂರಿಸಿ ಬಂದ ಹೆಂಡತಿ ತಟ್ಟೆಯ ಮುಚ್ಚಳ ತೆಗೆದಳು. ಸೊಪ್ಪಿನ ರಾಶಿ!

"ರೀ... ರೋಲ್ ಎಲ್ಲಿ?"

"ಇದೇ ಕಣೇ! ಮೂವತ್ತರ ಪ್ಲಾಸ್ಟಿಕ್ಕೂ ನಾನೇ ಸುಲಿದೆ. ಒಂದು ಚೂರೂ ಉಳಿದಿಲ್ಲ!"

"ಅಯ್ಯೋ ನನ್ನ ಕರ್ಮವೇ! ಅದು ಅಕ್ಕಿ ಹಾಳೆ ರೀ! ತಿನ್ನೋದು!"

ತಪ್ಪಣ್ಣನ ಕಣ್ಣು ಕಸದ ಬುಟ್ಟಿಯತ್ತ ಹೊರಳಿತು. ಕೂಗು ಕೇಳಿ ಮೇಡಂ ಬಾಗಿಲಿಗೇ ಬಂದು ನಿಂತಿದ್ದರು. ಮುಚ್ಚಿಡಲು ಏನೂ ಉಳಿದಿರಲಿಲ್ಲ. ಕುರ್ಚಿ ಕೈತಪ್ಪಿತೆಂದೇ ತಿಳಿದ ಹೆಂಡತಿ ಅಳುತ್ತ ನಡೆದದ್ದನ್ನು ಹೇಳಿದಳು; ಹೋಟೆಲುಗಳಲ್ಲಿ ದೂರು ಬರೆದ ಕಥೆಯನ್ನು ತಪ್ಪಣ್ಣನೇ ಬಾಯಿಬಿಟ್ಟ.

"ಮೂರೂ ಹೋಟೆಲಲ್ಲಿ ದೂರು ಬರೆದ್ರಾ?" ಮೇಡಂ ಕೇಳಿದರು.

"ಸಹಿ ಸಮೇತ ಮೇಡಂ," ಎಂದ ತಪ್ಪಣ್ಣ, ನೆಲ ನೋಡುತ್ತ.

ಮೇಡಂ ಗೋಡೆಗೊರಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು ಹೆಂಡತಿಯ ಭುಜ ತಟ್ಟಿದರು.

"ಅಳಬೇಡಿ, ಕುರ್ಚಿ ನಿಮಗೇ! ಇವರ ಜೊತೆ ಹದಿನೈದು ವರ್ಷ ಸಂಸಾರ ಮಾಡಿದ್ದೀರಿ. ದೂರು ವಿಭಾಗಕ್ಕೆ ನಿಮಗಿಂತ ಅನುಭವಸ್ಥರನ್ನ ಎಲ್ಲಿಂದ ತರಲಿ?"