ಹೊಟ್ಟೆ ಉರಿಗೆ ಹೀಟ್‌ಸಿಂಕ್ ಇಲ್ಲ

ಕಂಪ್ಯೂಟರ್ ಅಂಗಡಿಯಲ್ಲಿ ಬಿಸಿಯಾಗುವುದು ಪ್ರೊಸೆಸರ್ ಒಂದೇ ಅಲ್ಲ. ದಿನಕ್ಕೊಮ್ಮೆಯಾದರೂ ನಾನೂ ಆಗುತ್ತೇನೆ. ಕಾರಣ ಬಾಜು ಟೇಬಲಿನಲ್ಲಿ ಕೂತಿರುತ್ತದೆ.

೧

ಬೆಳಗಾವಿಯ ನಮ್ಮ ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸುವವರು ಇಬ್ಬರೇ, ನಾನು ಮತ್ತು ಅವನು. ಇಬ್ಬರೂ ಒಂದೇ ಕಾಲೇಜಿನ ಬಿಎಸ್ಸಿ. ಅಂಕ ನನಗೆ ಹೆಚ್ಚು, ಗಿರಾಕಿ ಅವನಿಗೆ ಹೆಚ್ಚು.

ಖಾನಾಪುರದಲ್ಲಿ ಇನ್ನೊಂದು ಅಂಗಡಿ ತೆರೆಯುವುದಾಗಿಯೂ, ನಮ್ಮಲ್ಲೊಬ್ಬನಿಗೆ ಅದರ ಉಸ್ತುವಾರಿ ಕೊಡುವುದಾಗಿಯೂ ಮಾಲಕರು ಹೇಳಿದ್ದರು. ನಾನು ಬೀಡಿ ಎಂಬ ಊರಿನವನು. ದಿನಾ ಬಸ್ಸಿನಲ್ಲಿ ಖಾನಾಪುರ ದಾಟಿಯೇ ಕೆಲಸಕ್ಕೆ ಬರಬೇಕು. ಆ ಅಂಗಡಿ ಸಿಕ್ಕರೆ ಅರ್ಧ ದಾರಿ ಉಳಿಯುತ್ತದೆ. ಅವನ ಮನೆ ಇಲ್ಲೇ ನೆಹರು ನಗರದಲ್ಲಿ. ಖಾನಾಪುರ ಅವನಿಗೆ ಯಾಕೆ ಬೇಕು? ಆದರೂ ಬೇಕಂತೆ.

ಈಗ ಗಿರಾಕಿಗಳು ಪ್ರೊಸೆಸರ್ ತಣ್ಣಗಿಡಲು ಇಟ್ಟಂಗಿ ಗಾತ್ರದ ಹೀಟ್‌ಸಿಂಕ್ ಹಾಕಿಸುತ್ತಾರೆ. ಅದರ ಸ್ಕ್ರೂಗಳನ್ನು ಎದುರುಬದುರು ಮೂಲೆಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಇಲ್ಲವಾದರೆ ಒಂದು ಕಡೆ ಎದ್ದು ನಿಲ್ಲುತ್ತದೆ. ನಾನು ಕೈಪಿಡಿ ಬಿಚ್ಚಿಟ್ಟುಕೊಂಡು ಹಾಗೆಯೇ ಬಿಗಿಯುತ್ತಿದ್ದೆ. ಮುಂದೆ ಕೂತ ಗಿರಾಕಿ ಒಮ್ಮೆ ಕೈಪಿಡಿ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಬಾಜು ಟೇಬಲಿನವನು ಮಾತಾಡುತ್ತಲೇ ಕೆಲಸ ಮುಗಿಸಿ ಚಹಾ ಕುಡಿಯುತ್ತಿದ್ದ. ಗಿರಾಕಿ ಅವನ ಕಡೆ ಬಾಗಿ ಮೆಲ್ಲಗೆ ಕೇಳಿದ:

“ಸರ್, ಈ ಹುಡುಗಗ ನೀವ ಕಲಿಸಾಕತ್ತೀರೇನ್ರಿ?”

“ಹೂಂ ರೀ,” ಅಂದ ಅವನು. “ಶ್ಯಾಣ್ಯಾ ಅದಾನ. ಕಲೀತಾನ.”

೨

ಹೀಟ್‌ಸಿಂಕಿನ ಫ್ಯಾನು ಗಾಳಿಯನ್ನು ಯಾವ ಕಡೆ ನೂಕುತ್ತದೆ ಎಂದು ತಿಳಿಯಲು ಅದರ ಚೌಕಟ್ಟಿನ ಮೇಲೆ ಬಾಣದ ಗುರುತು ಇರುತ್ತದೆ. ಅವನು ಬಾಣ ನೋಡುವುದಿಲ್ಲ. ಊದಿನಕಡ್ಡಿ ಹಚ್ಚಿ ಫ್ಯಾನಿನ ಮುಂದೆ ಹಿಡಿದು, ಹೊಗೆ ಎತ್ತ ಹೋಗುತ್ತದೆ ನೋಡುತ್ತಾನೆ.

ಒಂದು ದಿನ ಹಿರಿಯರೊಬ್ಬರು ಮೊಮ್ಮಗಳಿಗೆಂದು ಕಂಪ್ಯೂಟರ್ ಒಯ್ಯಲು ಬಂದಿದ್ದರು. ಇವನು ಊದಿನಕಡ್ಡಿ ಹಚ್ಚಿದ್ದೇ ತಡ, ಎದ್ದು ಚಪ್ಪಲಿ ಕಳಚಿ ಕೈಮುಗಿದು ನಿಂತರು. ಇವನು ಇಲ್ಲ ಅನ್ನಲಿಲ್ಲ. ದೇವರ ಫೋಟೋದ ಮುಂದಿನ ಕುಂಕುಮ ತಂದು ಹೀಟ್‌ಸಿಂಕಿಗೆ ಒಂದು ಬೊಟ್ಟು ಇಟ್ಟೇಬಿಟ್ಟ.

ಫ್ಯಾನು ಉಲ್ಟಾ ಕೂತಿತ್ತು. ಹೊಗೆಯೆಲ್ಲ ತಿರುಗಿ ಹಿರಿಯರ ಮುಖಕ್ಕೆ ಹೊಡೆಯಿತು. ಈಗ ಸಿಕ್ಕಿಬಿದ್ದ ಎಂದುಕೊಂಡು ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ.

ಹಿರಿಯರು ಎರಡೂ ಕೈಯಿಂದ ಹೊಗೆಯನ್ನು ಕಣ್ಣಿಗೆ ಒತ್ತಿಕೊಂಡರು. “ನಿಮ್ಮ ಕೈಗುಣ ಭಾಳ ಛಲೋ ಐತ್ರಿ,” ಅಂದರು.

ಮರುವಾರ ಗಿರಾಕಿಯೊಬ್ಬ ನನ್ನ ಟೇಬಲಿಗೆ ಬಂದು, “ನಿಮ್ಮ ಕಡೆ ಪೂಜಾ ಇಲ್ಲೇನ್ರಿ?” ಎಂದ. ನಾನು ಬಾಣ ತೋರಿಸಿದೆ. ಗಿರಾಕಿ ಅದು ತೋರಿಸಿದ ದಿಕ್ಕಿಗೇ ನಡೆದ. ಅಲ್ಲಿ ಬಾಜು ಟೇಬಲಿತ್ತು.

೩

ಹೀಟ್‌ಸಿಂಕಿನ ತಳಕ್ಕೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ. ಕೂಡಿಸುವ ಮೊದಲು ಕೀಳಬೇಕು. ಕೀಳದಿದ್ದರೆ ಪ್ರೊಸೆಸರಿನ ಬಿಸಿ ಮೇಲೇರುವುದಿಲ್ಲ, ಕಂಪ್ಯೂಟರ್ ತಾನೇ ಆಫ್ ಆಗುತ್ತದೆ.

ಅವನು ಜೋಡಿಸಿದ್ದೊಂದು ಹಾಗೆ ಆಫ್ ಆಗಿ ವಾಪಸ್ ಬಂತು. ಮಾಲಕರು ಎದುರಿಗೇ ಇದ್ದರು. “ನಾ ಬಿಚ್ಚತೇನಿ ತಡೀರಿ,” ಎಂದು ನಾನೇ ಮುಂದಾದೆ. ಅಷ್ಟು ಖುಷಿಯಿಂದ ನಾನು ಯಾವ ಸ್ಕ್ರೂವನ್ನೂ ಬಿಚ್ಚಿರಲಿಲ್ಲ. ತಳದಲ್ಲಿ ಹಾಳೆ ಹಾಗೇ ಇತ್ತು. ಕಿತ್ತು, ಎತ್ತಿ ಎಲ್ಲರಿಗೂ ತೋರಿಸಿದೆ.

ಅವನು ಅಳುಕಲಿಲ್ಲ. “ನೋಡ್ರಿ ಅಣ್ಣಾರ, ಕವರ್ ಸುದ್ದಾ ಹರದಿಲ್ಲ. ಅಷ್ಟು ಹೊಸಾ ಮಾಲು!”

“ಖರೇ ಐತ್ರಿ,” ಅಂದ ಗಿರಾಕಿ. “ನನ್ನ ಗಾಡಿ ಸೀಟಿನ ಕವರ್ ನಾ ಇನ್ನೂ ತಗದಿಲ್ಲ.” ಆಮೇಲೆ ನನ್ನ ಕೈಯಲ್ಲಿದ್ದ ಹಾಳೆಯನ್ನೇ ದುರುಗುಟ್ಟಿ ನೋಡಿದ. “ನಿಮಗ ಯಾರ್ರಿ ಅದನ್ನ ಕೀಳಂದವ್ರು?”

೪

ಕೊನೆಗೆ ಮಾಲಕರು ನನ್ನ ಕೆಲಸವನ್ನು ಕಣ್ಣಾರೆ ನೋಡಲು ಖಾನಾಪುರದ ಫೋಟೋ ಸ್ಟುಡಿಯೋಕ್ಕೆ ಕರೆದುಕೊಂಡು ಹೋದರು. ಸ್ಟುಡಿಯೋದವರು ನಮ್ಮ ಅಂಗಡಿಯಲ್ಲೇ ದೊಡ್ಡದೆಂಬ ಹೀಟ್‌ಸಿಂಕ್ ತಾವೇ ಆರಿಸಿ ತಂದಿಟ್ಟಿದ್ದರು. ನಾನು ಅಳತೆ ಮಾಡಿ, “ಕೂಡಸ್ತೇನ್ರಿ. ಆದ್ರ ಕ್ಯಾಬಿನೆಟ್ಟಿನ ಬಾಗಲಾ ಮುಚ್ಚೂದಿಲ್ಲ,” ಅಂದೆ.

“ನೀವ ಕೂಡಸ್ರಿ. ಮುಂದಿಂದು ಮುಂದ,” ಅಂದರು ಸ್ಟುಡಿಯೋದವರು.

ಕೂಡಿಸಿದೆ. ಒಂದು ತಪ್ಪೂ ಆಗಲಿಲ್ಲ. ಪ್ರೊಸೆಸರ್ ತಣ್ಣಗಾಯಿತು, ಬಾಗಿಲು ಮುಚ್ಚಲಿಲ್ಲ. ಸ್ಟುಡಿಯೋದವರು ಬಿಸಿಯಾದರು. “ಹಿಂಗ್ಯಾಕ?” ಅಂದರು. “ಎತ್ತರ,” ಅಂದೆ. ಅಷ್ಟು ಸಾಕಾಗಲಿಲ್ಲ. ಫೋನ್ ತೆಗೆದು ನನ್ನೆದುರೇ ಬೆಳಗಾವಿಗೆ, ಬಾಜು ಟೇಬಲಿಗೇ ಹಚ್ಚಿದರು.

ಅವನ ದನಿ ನನ್ನವರೆಗೂ ಕೇಳಿಸುತ್ತಿತ್ತು. “ಕಾಕಾ, ಬಾಗಲಾ ಯಾಕ ಬೇಕ್ರಿ? ಅಂಥಾ ಮಾಲು ನಾಕು ಮಂದಿಗೆ ಕಾಣಬೇಕು. ಕೌಂಟರ್ ಮ್ಯಾಲ ಇಡ್ರಿ!”

ಸ್ಟುಡಿಯೋದವರ ಮುಖ ಅರಳಿತು. ಕಂಪ್ಯೂಟರ್ ಕೌಂಟರ್ ಏರಿತು. ನನ್ನ ಖಾನಾಪುರ ಹೋಯಿತು ಎಂದುಕೊಂಡೆ.

ವಾಪಸ್ ಬರುವಾಗ, ಬೆಳಗಾವಿ ಸಮೀಪಿಸಿದಾಗ ಕಾರಿನಲ್ಲಿ ಮಾಲಕರು ಅಂದರು: “ಖಾನಾಪುರ ಅಂಗಡಿ ನೀನ ನೋಡ್ಕೋಪಾ.”

ನನಗೆ ನಂಬಿಕೆಯೇ ಆಗಲಿಲ್ಲ. “ಕೆಲಸಾ ಛಲೋ ಆತೇನ್ರಿ?” ಅಂದೆ.

“ಕೆಲಸಾ ಬಿಡು. ಅವನ್ನ ಕಳಿಸಿದ್ರ ಬೆಳಗಾವಿ ಗಿರಾಕಿ ಎಲ್ಲಾ ಅವನ ಹಿಂದ ಹೊಕ್ಕಾರ. ನೀ ಹೋದ್ರ ಯಾರಿಗೂ ಗೊತ್ತಾಗೂದಿಲ್ಲ.”

ಅಂಗಡಿಗೆ ಬಂದು ಅವನಿಗೆ ಸುದ್ದಿ ಹೇಳಿದೆ. ಅವನ ಮುಖ ಸಣ್ಣದಾಯಿತು.

“ನಿನಗ ಕೊಟ್ರೇನಲೇ? ಯಾಕಂತ?”

ನಾನು ಮೊದಲೇ ಮಿತಭಾಷಿ. ಅಂದು ಇನ್ನಷ್ಟು ಮಿತವಾದೆ.

“ಭಾಳ ವಿಚಾರ ಮಾಡಿ ಕೊಟ್ಟಾರ,” ಅಂದೆ.